ಮಿಶ್ರಿಕೋಟಿಯಿಂದ ಬಂದ ಮಣ್ಣು

ಪ್ರೀತಿಯ ಕಾಕಾ,

ನಮ್ಮ ಗರಡಿಮನೆಯ ಮಣ್ಣಿನ ಕಥೆಯನ್ನು ನನಗೆ ಮೊದಲು ಹೇಳಿದವಳು ಆಯಿ, ನಿನ್ನ ಅವ್ವ. ನೀನು ನನಗೆ ಲಂಗೋಟಿ ಕಟ್ಟಿಸಿ ಮೊದಲ ಸಲ ಕುಸ್ತಿಗೆ ಇಳಿಸಿದ ದಿನ, ನನ್ನನ್ನು ಬಚ್ಚಲಲ್ಲಿ ಕೂರಿಸಿ ಮೈಯ ಮಣ್ಣು ತೊಳೆಯುತ್ತ ಹೇಳಿದಳು. ನವಲಗುಂದದ ಸುತ್ತೆಲ್ಲ ಎರೆ ಭೂಮಿ. ನೆನೆದರೆ ಕಾಲು ಬಿಡುವುದಿಲ್ಲ, ಒಣಗಿದರೆ ಬಿರುಕಿನೊಳಗೆ ಕಾಲೇ ಹೋಗುತ್ತದೆ. ಅದರ ಮೇಲೆ ಕುಸ್ತಿ ಹೇಗೆ? ಅದಕ್ಕೆ ನೀನು ಚಕ್ಕಡಿ ಹೂಡಿಕೊಂಡು ಮಿಶ್ರಿಕೋಟಿಗೆ ಹೋಗಿ ಕೆಂಪು ಮಣ್ಣು ತಂದೆಯಂತೆ. ಹುಬ್ಬಳ್ಳಿಯ ಸುಂಕದ ನಾಕಾದವನು, "ಚಕ್ಕಡ್ಯಾಗ ಏನೈತಿ?" ಅಂದನಂತೆ. "ಮಣ್ಣ್ರಿ" ಅಂದೆ. "ನಿಮ್ಮೂರಾಗ ತಿನ್ನಾಕ ಮಣ್ಣೂ ಸಿಗೂದಿಲ್ಲೇನಪಾ?" ಎಂದು ನಕ್ಕು ಬಿಟ್ಟನಂತೆ. ಆಯಿ ಅವನ ನಗುವನ್ನೂ ನಕ್ಕು ತೋರಿಸಿದ್ದಳು.

ಆ ಮಣ್ಣನ್ನು ನೀನು ಸಾಕಿದ ರೀತಿ ಕಣ್ಣ ಮುಂದಿದೆ. ಸೋಸಿ, ಮಜ್ಜಿಗೆ, ಎಣ್ಣೆ, ಅರಿಶಿನ ಉಣಿಸಿ ದಿನಾ ಅದನ್ನು ಹಸಿಯಾಗಿ ಇಡುತ್ತಿದ್ದೆ. "ಮನಿ ಮಂದಿಗಿಲ್ಲದ ಮಜ್ಜಿಗಿ ಮಣ್ಣಿಗೈತಿ!" ಎಂದು ನಿನ್ನ ಹೆಂಡತಿ, ನಮ್ಮ ಕಾಕು, ಒದರಿದರೆ, "ಅದು ಉಂಡು ಸುಮ್ಮನಿರತೈತಿ. ನೀ ಉಂಡೂ ಬೈತಿ" ಅನ್ನುತ್ತಿದ್ದೆ. ಆ ಜಗಳ ಕೇಳಲೆಂದೇ ನಾನು ಬೆಳಗ್ಗೆ ಬೇಗ ಏಳುತ್ತಿದ್ದೆ.

ಎಳ್ಳಮಾವಾಸ್ಯೆ ಮುಗಿದ ಮೇಲೆ ನೀನು ಇಡಿಸಿದ ಕೊನೆಯ ಕುಸ್ತಿ ನೆನಪಿದೆಯೇ? ಕುಂದಗೋಳದ ಕಡೆಯ ಇಬ್ಬರು ಪೈಲ್ವಾನರು ಬಂದು ನಿಂತಿದ್ದರು. ಹಲಗೆ ಬಾರಿಸಿ ಬಾರಿಸಿ ಕೈ ಸೋತರೂ ಜನವಿಲ್ಲ. ಎಲ್ಲರೂ ಮಲ್ಲೇಶಿಯ ಚಹದಂಗಡಿಯಲ್ಲಿ ರೇಡಿಯೋಕ್ಕೆ ಕಿವಿ ಹಚ್ಚಿದ್ದರು. ನೀನೇ ಕರೆಯಲು ಹೋದೆ, ನಾನು ಹಿಂದಿದ್ದೆ.

"ಬರ್ರಿ ವಸ್ತಾದ್ರ, ಚಾ ಕುಡೀರಿ. ಇದೊಂದು ವಿಕೆಟ್ ಬಿದ್ದ ಕೂಡ್ಲೆ ಬಂದಬಿಡ್ತೀವಿ" ಅಂದ ಮಲ್ಲೇಶಿ.

"ವಿಕೆಟ್ ಅಂದ್ರ ಏನಲೇ?"

"ಮೂರು ಕಟಗಿರಿ."

"ಎಲ್ಲೋ ಮೂರು ಕಟಗಿ ಬೀಳೂದು ಕೇಳಾಕ ಊರೆಲ್ಲಾ ಇಲ್ಲಿ ಕುಂತೈತಿ. ಅಲ್ಲಿ ಇಬ್ರು ಮನಶ್ಯಾರು ಬೀಳಾಕ ತಯಾರಾಗಿ ನಿಂತಾರ, ನೋಡಾವ್ರ ಇಲ್ಲ!"

ಎಲ್ಲರೂ ನಕ್ಕರು. ನೀನೂ ನಕ್ಕೆ. ಯಾರೂ ಏಳಲಿಲ್ಲ.

ಗೆದ್ದವನಿಗೆ ಪ್ರತಿ ವರ್ಷ ಕೈಗೆ ತೊಡುವ ಬೆಳ್ಳಿ ಕಡೆ ಕೊಡುತ್ತಿದ್ದ ಹತ್ತಿಯ ಸಾವುಕಾರನೂ ಅಲ್ಲೇ ಕೂತಿದ್ದ. "ಸಿಟ್ಟಾಗಬ್ಯಾಡ ವಸ್ತಾದ. ಕುಸ್ತಿ ರೇಡಿಯೋದಾಗ ಹೇಳಾಕ ಬರತೈತೇನ? ಬಿದ್ದಾರ, ಇನ್ನೂ ಬಿದ್ದಾರ, ಅಂತ ತಾಸಗಟ್ಟಲೆ ಒದರೂದೇನು? ಕ್ರಿಕೆಟ್‌ನ್ಯಾಗ ಚೆಂಡಿಗೊಂದು ಸುದ್ದಿ. ಮುಂಬೈಯಾಗ ಟಿ.ವಿ. ಬಂದೈತಿ, ಟಿ.ವಿ. ಇದ್ದವ್ರ ಬಾಗಲಕ್ಕ ಓಣಿ ಮಂದೆಲ್ಲಾ ಮುಕರಿರತೈತಂತ. ನಾಳೆ ಅದರಾಗ ಅಂಗಡಿ ಹೆಸರು ಬಂದ್ರ ದೇಶಕ್ಕೆಲ್ಲಾ ಗೊತ್ತಾಗತೈತಿ. ನಿನ್ನ ಗರಡ್ಯಾಗ ಕಡೆ ಕೊಟ್ರ ಯಾರಿಗೆ ಗೊತ್ತು? ಈ ಸಲ ಹುಡುಗ್ರಿಗೆ ಬ್ಯಾಟ್ ಕೊಡಸ್ತೀನಿ."

"ಪೈಲ್ವಾನನ ಮೈಬಿಸಿ ರೇಡಿಯೋದಾಗ ಬರೂದಿಲ್ಲ, ಖರೆ ಐತ್ರಿ ಸಾವ್ಕಾರ್ರ" ಅಂದೆ ನೀನು. "ಅದಕ್ಕ ಬಾಜು ಬಂದು ನಿಂದರಬೇಕಾಗತೈತಿ."

ಅವನ ಕಿವಿ ಆಗಲೇ ರೇಡಿಯೋ ಕಡೆ ತಿರುಗಿತ್ತು. ಅಂದು ಗೆದ್ದವನಿಗೆ ನಿನ್ನ ಕೈಯ ಕಡೆಯನ್ನೇ ಬಿಚ್ಚಿ ಕೊಟ್ಟೆಯಲ್ಲ, ಕಾಕಾ... ಆಮೇಲೆ ಆ ಬರಿಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡದ್ದು ನಾನು ಮಾತ್ರ ಕಂಡೆ.

ಮಳೆಗಾಲಕ್ಕೆ ಮೊದಲೇ ನೀನು ಹೋದೆ. ಹಾಸಿಗೆಯಲ್ಲಿ ಕೊನೆಗೆ ನನಗೆ ಅಂದದ್ದು ಒಂದೇ ಮಾತು: "ಮಣ್ಣು ಆರಾಕ ಬಿಡಬ್ಯಾಡಲೇ." ನಾನೊಬ್ಬನೇ ನೀರು ಚಿಮುಕಿಸಿದೆ, ಸಲಿಕೆ ಆಡಿಸಿದೆ. ಆದರೆ ಆಳು ಉರುಳದ ಮಣ್ಣು ಎಷ್ಟು ದಿನ ಹಸಿ ಇದ್ದೀತು? ಕಥೆ ಹೇಳುವುದೊಂದನ್ನು ಬಿಟ್ಟು ನನಗೆ ಬೇರೆ ಏನು ಬರುತ್ತದೆ?

ಮೊನ್ನೆ ಸಂಜೆ ಮಲ್ಲೇಶಿಯ ಅಂಗಡಿಯ ಮುಂದೆ ಆಯಿಯ ಕಥೆಯನ್ನೇ ಹೇಳಿದೆ. ಚಕ್ಕಡಿ, ನಾಕಾದವನ ನಗು, ಕಾಕುವಿನ ಮಜ್ಜಿಗೆ, ಕೊನೆಗೆ ನಿನ್ನ ಮಾತು. ಮಲ್ಲೇಶಿ ಎದ್ದು ರೇಡಿಯೋ ಬಂದ್ ಮಾಡಿದ. ಸಾವುಕಾರನ ಮಗ ಕಣ್ಣೊರೆಸಿಕೊಂಡ. ಹುಡುಗರು, "ನಾಳೆ ಮುಂಜಾನೆ ಗರಡಿ ಬಾಗಲಾ ತಗೀರಿ ಅಣ್ಣಾರ, ನಾವೆಲ್ಲಾ ಬರ್ತೀವಿ" ಅಂದರು. ನಾನು ಗೆದ್ದೆ ಅಂದುಕೊಂಡೆ. ಕಾಕುವಿನಿಂದ ಮಜ್ಜಿಗೆ ಕೂಡ ಕೇಳಿ ಇಟ್ಟೆ, ನೋಡು.

ಮುಂಜಾನೆ ಎಲ್ಲರೂ ಬಂದರು. ಬುಟ್ಟಿ, ಸಲಿಕೆ ಹಿಡಿದು ಬಂದರು. ಒಳಗಿನ ಹನುಮಪ್ಪನಿಗೆ ಕೈಮುಗಿದು, ನಿನ್ನ ಹೆಸರು ಹೇಳಿ ಕಾಯಿ ಒಡೆದು, ಮಣ್ಣು ಅಗೆಯಲು ಶುರು ಮಾಡಿದರು. "ಏನ್ ಮಾಡಾಕತ್ತೀರಲೇ?" ಎಂದು ಕೂಗಿದೆ.

"ಎರಿ ಮಣ್ಣಿನ್ಯಾಗ ಬಾಲ್ ಪುಟಿಯೂದಿಲ್ರಿ ಅಣ್ಣಾರ" ಅಂದ ಸಾವುಕಾರನ ಮಗ, ಬಹಳ ಮರ್ಯಾದೆಯಿಂದ. "ಗರಡ್ಯಾಗ ಮಿಶ್ರಿಕೋಟಿ ಮಣ್ಣು ಐತಿ ಅಂತ ನೀವು ಹೇಳಿದ ಮ್ಯಾಲೇ ಗೊತ್ತಾತು. ಪಿಚ್‌ಗೆ ಕಾಕಾರ ಹೆಸರ ಇಡ್ತೀವಿ."

ಬಯಲಿಗೆ ಹೊತ್ತರು. ಹರವಿದರು. ಕಣದಲ್ಲಿ ಉರುಳಿಸುವ ರೋಣಗಲ್ಲು ತಂದು ಮೇಲೆ ಉರುಳಿಸಿದರು. ನನ್ನ ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಾಗೇ ಇತ್ತು. ಒಬ್ಬ ಹುಡುಗ ಕೊಡದಿಂದ ನೀರು ಹೊಡೆಯುತ್ತ, ನನ್ನ ಮುಖ ನೋಡಿ ಸಮಾಧಾನ ಹೇಳಿದ:

"ಚಿಂತಿ ಬಿಡ್ರಿ. ದಿನಾ ನೀರು ಹೊಡಿತೀವಿ. ಕಾಕಾರ ಮಣ್ಣು ಆರಾಕ ಬಿಡೂದಿಲ್ಲ."