ನೆಟ್ಟಗೆ ನಿಂತು ಕೊಟ್ಟ ಅಳತೆ

ಭೇರ್ಯ
ಭಾನುವಾರ ಮಧ್ಯಾಹ್ನ

ಅಜ್ಮತಮ್ಮ,

ಮೊದಲೇ ಹೇಳಿಬಿಡುತ್ತೇನೆ, ಇದು ತಪ್ಪೊಪ್ಪಿಗೆಯ ಕಾಗದ. ಕಾಲೇಜಿನ ಕಬಡ್ಡಿ ಹುಡುಗಿಯರು ಬಟ್ಟೆ ಹೊಲಿಸಲು ಬಂದರೆ, "ಆಟದ ಬಟ್ಟೆ ನನ್ ಕೈಲಾಗಲ್ಲಮ್ಮ" ಎಂದು ವಾಪಸು ಕಳಿಸಿದಿರಂತೆ. ನಿಮ್ಮ ಅಂಗಡಿಗೆ ಬಂದಿದ್ದ ರಾಧಾ ನೆನ್ನೆ ಹೇಳಿದಳು. ಅದು ನನ್ನದೇ ಮಾತು.

ಹೋದ ವರ್ಷ ಮಣ್ಣುಹಾದಿಯ ಸೈಕಲ್ ರೇಸಿಗೆ ಜೆರ್ಸಿ ಹೊಲಿಸಲು ಕೆ.ಆರ್. ನಗರದ ನಿಮ್ಮ ಅಂಗಡಿಗೆ ಬಂದಿದ್ದೆ. ರೆಡಿಮೇಡ್ ಸಿಗುವುದೆಲ್ಲ ಗಂಡಸರ ಅಳತೆಯದು. "ಸೈಕಲ್ ತಕೊಂಬಾಮ್ಮ, ಅದ್ರ ಮ್ಯಾಲೆ ಬಗ್ಗಿ ಕೂತ್ಕೊ. ನಿಂತ ಮೈ ಬ್ಯಾರೆ, ಬಗ್ಗಿದ ಮೈ ಬ್ಯಾರೆ ಕಣಮ್ಮ" ಎಂದಿರಿ. ಎದುರಿಗೇ ಟೀ ಅಂಗಡಿ, ಅಲ್ಲಿ ಹತ್ತು ಗಂಡಸರು. ನಡುಬಜಾರಿನಲ್ಲಿ ಹಿಂಬದಿ ಎತ್ತಿಕೊಂಡು ಕೂರುವುದೇ! ಅಯ್ಯಪ್ಪ, ನಾಚಿಕೆಯಿಂದ ಸತ್ತೇಹೋದೆ. "ನಿಂತೇ ತಕ್ಕೊಳಿ, ಪರ್ವಾಗಿಲ್ಲ" ಎಂದೆ. ನೀವು ನಿಂತ ಮೈಗೇ ಟೇಪು ಹಿಡಿದಿರಿ.

ಆಗ ನಾನೋ ಮಹಾಪಂಡಿತೆ. ಅಗಲದ ಟೈರು ಹಾಕಿಸಿದೆ, ಜಲ್ಲಿಯ ಮೇಲೆ ಕುಣಿಯದಿರಲೆಂದು ಗಾಳಿ ಇಳಿಸಿದೆ, ಹ್ಯಾಂಡಲ್ ತಗ್ಗಿಸಿದೆ. ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ಲಿಗಿಂತ ಹೆಚ್ಚಾಗಿ ತುಳಿಯುವವರ ಮೈ ಎಂದು ಗಂಡ ಮಲ್ಲೇಶನಿಗೆ ಪಾಠ ಬೇರೆ ಮಾಡಿದೆ. "ಸರಿ ಕಣೇ, ಈಗ ಉಣ್ಣಕ್ಕೆ ಇಕ್ಕು" ಎಂದ.

ರೇಸಿನ ದಿನ ಚುಂಚನಕಟ್ಟೆಯ ಕಾಲುವೆ ಏರಿ ಹತ್ತಿದ್ದೇ ತಡ, ಎದುರುಗಾಳಿ. ಬಗ್ಗಿದೊಡನೆ ಜೆರ್ಸಿ ಬೆನ್ನಿನಲ್ಲಿ ಮೇಲೇರಿತು; ಎದೆಯ ಬಳಿ ಗೋಣಿಚೀಲದಂತೆ ಉಬ್ಬಿ ಪಟಪಟ ಬಡಿಯಿತು. ಭುಜದ ಹೊಲಿಗೆಯೂ ಬಿಟ್ಟಿತು. ರೇಸು ಮುಗಿಸಲು ಕೊಟ್ಟಿದ್ದ ಗಡುವಿಗಿಂತ ಆರು ನಿಮಿಷ ತಡವಾಯಿತು. ಮರುದಿನ ನಿಮ್ಮ ಅಂಗಡಿಗೆ ನುಗ್ಗಿ, ಗಿರಾಕಿಗಳ ಮುಂದೆ, "ಬ್ಲೌಸ್ ಹೊಲ್ಕೊಂಡಿರಿ, ಇದೆಲ್ಲ ನಿಮ್ ಕೈಲಾಗಲ್ಲ" ಎಂದು ಕೂಗಾಡಿದೆ. ನಿಂತು ಅಳತೆ ಕೊಟ್ಟವಳು ನಾನೇ ಎಂದು ನೀವು ಒಂದು ಮಾತೂ ಆಡಲಿಲ್ಲ.

ಹೋದ ವಾರ ಅದೇ ಜೆರ್ಸಿಗೆ ಹೊಲಿಗೆ ಹಾಕಿ ತೊಟ್ಟು, ಸೈಕಲ್ ಮೇಲೆ ಬಗ್ಗಿ ಕೂತೆ. ಸಡಿಲವಿದ್ದ ಕಡೆಯೆಲ್ಲ ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸಲು ಮಲ್ಲೇಶನಿಗೆ ಹೇಳಿದೆ. ಎಂಟು ಕ್ಲಿಪ್ಪು! ಅದೇ ಏರಿಯಲ್ಲಿ, ಅಂಥದೇ ಗಾಳಿಯಲ್ಲಿ ಇಪ್ಪತ್ತು ಕಿಲೋಮೀಟರ್ ತುಳಿದೆ. ರೇಸಿನ ದಿನಕ್ಕಿಂತ ಮೂರು ನಿಮಿಷ ಉಳಿಯಿತು. ರೇಸು ಅರವತ್ತು ಕಿಲೋಮೀಟರಿನದು ಅಜ್ಮತಮ್ಮ, ಲೆಕ್ಕಕ್ಕೆ ಒಂಬತ್ತು ನಿಮಿಷ. ಏರಿಯ ಮೇಲೇ ಕೂತು ಅತ್ತುಬಿಟ್ಟೆ. ಅವತ್ತೇ ನಿಮಗೆ ಫೋನು ಮಾಡಬೇಕಿತ್ತು, ಧೈರ್ಯ ಬರಲಿಲ್ಲ.

ಮುಂದಿನ ರೇಸು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪಿನ ಹೊಲಗಳ ನಡುವೆ. ಜೆರ್ಸಿ ನೀವೇ ಹೊಲಿಯಬೇಕು. ಸಂತೆಯ ದಿನವೇ ಸೈಕಲ್ ತುಳಿದುಕೊಂಡು ಬರುತ್ತೇನೆ, ಟೀ ಅಂಗಡಿ ತುಂಬಿರುವ ಹೊತ್ತಿಗೆ. ನಿಮ್ಮ ಬಾಗಿಲಲ್ಲೇ ಬಗ್ಗಿ ಕೂರುತ್ತೇನೆ, ಯಾರು ಬೇಕಾದರೂ ನೋಡಲಿ. ಆ ಕಬಡ್ಡಿ ಹುಡುಗಿಯರನ್ನೂ ಬರಹೇಳಿದ್ದೇನೆ. ತಪ್ಪು ನನ್ನದು, ನಿಮ್ಮ ಕೈಯದಲ್ಲ ಎಂದು ಅಷ್ಟೂ ಜನರ ಮುಂದೆ ಹೇಳುತ್ತೇನೆ; ಅವತ್ತು ಕೂಗಾಡಿದ್ದೂ ಜನರ ಮುಂದೆಯೇ ಅಲ್ಲವೇ.

ನಿಮ್ಮ ಕಣ್ಣೂ ಕೈಯೂ ನೂರು ಕಾಲ ಚುರುಕಾಗಿರಲಿ.

ನಿಮ್ಮ ಬೈಗುಳಕ್ಕೆ ಸಿದ್ಧಳಾದ,
ಚೈತ್ರ