ಜಾಗದಜ್ಜನಿಗೆ ಎರಡು ಹರಕೆ

ನಖೋನ್ ಸವನ್
ಮಂಗಳವಾರ, ನವೆಂಬರ್ ೨೧

ಕಾಮ್ತೋನ್ ಅವರಿಗೆ ಪ್ರಪೈ ಮಾಡುವ ನಮಸ್ಕಾರ.

ಮೊನ್ನೆ ಭಾನುವಾರ ಬೆಳಗಿನ ಜಾವ ನಮ್ಮ ಅಂಗಳದ ಜಾಗದಜ್ಜನ ಗುಡಿಯಲ್ಲಿ ನೀವು ಹುಡುಕುತ್ತಿದ್ದ ಚೀಟಿ ನನ್ನ ಹತ್ತಿರ ಇದೆ. ಕಳೆದುಹೋಯಿತೆಂದು ಗಾಬರಿಯಾಗಬೇಡಿ. ಅದು ನನ್ನ ಕೈಗೆ ಹೇಗೆ ಬಂತು, ಅಷ್ಟರಲ್ಲಿ ಯಾರ್‍ಯಾರ ಕಿವಿಗೆ ಬಿತ್ತು ಎಂಬುದನ್ನು ಬರೆದು ತಿಳಿಸುವುದೇ ಸರಿ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ 'ಸರಿ, ಇಡ್ತೀನಿ' ಎನ್ನುತ್ತೇವೆ.

ಸೆಪ್ಟೆಂಬರ್‌ನಲ್ಲಿ ಪಿಚಿತ್‌ನಿಂದ ನೀವು ಮನೆ ಮಾರಾಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದಿರಿ. ಜೊತೆಗೆ ಒಂದೇ ಸಾಲು: 'ನೀನು ಹೇಳಿದ ಹಾಗೇ ಆಗಲಿ.' ನಾನು ಹಾಗೆ ಯಾವಾಗ ಹೇಳಿದೆ ಎಂದು ಎರಡು ದಿನ ಯೋಚಿಸಿದೆ. 'ಮನೆ ಏನು ಮಾಡೋಣ' ಎಂದು ಕೇಳಿದ್ದು ನೆನಪಿದೆ. ಮಾರೋಣ ಎಂದದ್ದು ನೆನಪಿಲ್ಲ. ಆದರೆ ನೀವೇ ಸಹಿ ಹಾಕಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆ ಹೋದ ಮರುದಿನ ತಾಲೂಕು ಕಚೇರಿಗೆ ಹೋಗಿ ವಿಚ್ಛೇದನವನ್ನೂ ಬರೆಸಿ ಮುಗಿಸುವುದು ಎಂದು ಮಾತಾಗಿತ್ತಲ್ಲ, ಅದಕ್ಕೂ ನೀವು ಅವಸರದಲ್ಲಿದ್ದೀರಿ ಎಂದುಕೊಂಡೆ.

ಹಾಗಾಗಿ ಕೆಲಸ ಶುರು ಮಾಡಿದೆ. ದಲ್ಲಾಳಿ ಕುಂಗ್ ಚುರುಕಿನ ಹುಡುಗಿ. ಬಂದ ಮೊದಲ ದಿನವೇ ಗೋಡೆಯ ಫೋಟೋಗಳನ್ನೆಲ್ಲ ತೆಗೆಸಿದಳು. 'ಅಕ್ಕಾ, ಕೊಳ್ಳೋಕೆ ಬರೋರಿಗೆ ಇಲ್ಲಿ ಅವರ ಮುಖ ಕಾಣ್ಬೇಕು, ನಿಮ್ಮದಲ್ಲ' ಎಂದಳು. ಅಡುಗೆಮನೆಯ ನೀಲಿ ಗೋಡೆಗೆ ಕೆನೆಬಣ್ಣ ಬಳಿದೆ. ಮೆಟ್ಟಿಲಿನ ಎರಡು ಹಲಗೆಗೆ ಗೆದ್ದಲು ಹಿಡಿದಿತ್ತು, ಬದಲಾಯಿಸಿದೆ. ಅತ್ತೆಯವರ ಮಂಚವನ್ನು ಭಿಕ್ಷುಗಳ ವಿಹಾರಕ್ಕೆ ಕೊಟ್ಟೆ. ಕೆಳಗಿನ ಕೋಣೆಯಲ್ಲಿ ಔಷಧಿಯ ವಾಸನೆ ಇನ್ನೂ ಇತ್ತು. ಲಿಂಬೆಹುಲ್ಲು ಕುದಿಸಿಟ್ಟೆ, ಹೋಗಲಿಲ್ಲ. ಮೂರು ವರ್ಷ ನಾವಿಬ್ಬರೂ ಮಾತ್ರೆಯ ಹೊತ್ತನ್ನು ಮಾತ್ರ ಮಾತಾಡಿದ ಕೋಣೆ ಅದು. ಅವರು ತೀರಿಕೊಂಡ ಮೇಲೆ ಆ ಮಾತೂ ಉಳಿಯಲಿಲ್ಲ. ಜಗಳವಾಡಿ ನೀವು ಪಿಚಿತ್‌ಗೆ ವರ್ಗ ಮಾಡಿಸಿಕೊಂಡು ಹೋಗಿದ್ದರೆ ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು.

ನವೆಂಬರ್ ಒಂದರಂದು, ಈ ಜಾಗ ಕಾಯುವವನು ಅವನೇ ತಾನೇ ಎಂದು, ಜಾಗದಜ್ಜನ ಮುಂದೆ ಊದುಕಡ್ಡಿ ಹಚ್ಚಿ, ಹೆಸರು ಹೇಳಿ, ಮನೆ ನಂಬರ್ ಹೇಳಿ ಹರಕೆ ಹೊತ್ತೆ. ಈ ತಿಂಗಳ ಕೊನೆಯೊಳಗೆ ಮನೆ ಮಾರಾಟವಾದರೆ ತೊಂಬತ್ತೊಂಬತ್ತು ಬೇಯಿಸಿದ ಮೊಟ್ಟೆ. ಬೇಲಿಯಾಚೆಯಿಂದ ಬುನ್ಲೋಮ್ ಅಕ್ಕ ಕೇಳಿಸಿಕೊಂಡಳು. 'ತೊಂಬತ್ತೊಂಬತ್ತಾ? ಅಜ್ಜನಿಗೆ ಹೊಟ್ಟೆ ಕೆಡತ್ತೆ ಕಣೇ, ಒಂಬತ್ತು ಸಾಕು ಅನ್ನು' ಎಂದು ನಕ್ಕಳು. ನಾನು ಕಡಿಮೆ ಮಾಡಲಿಲ್ಲ.

ಐದನೇ ತಾರೀಕು ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ಕೆಂಪು ಸೋಡಾದ ಬಾಟಲಿ ಇತ್ತು, ಮುಚ್ಚಳ ತೆಗೆದು, ಹೀರುಕೊಳವೆ ಹಾಕಿ. ನಾನು ಇಟ್ಟದ್ದಲ್ಲ. ಬುನ್ಲೋಮ್ ಅಕ್ಕನನ್ನು ಕೇಳಿದೆ. 'ನಿಮ್ಮಜ್ಜನಿಗೆ ನಾನ್ಯಾಕೆ ಸೋಡಾ ಕುಡಿಸ್ಲಿ? ನಮ್ಮಜ್ಜನಿಗೇ ವಾರಕ್ಕೊಂದು ಬಾಟ್ಲಿ ಸಾಲಲ್ಲ' ಎಂದಳು. ಹನ್ನೆರಡರಂದು ಇನ್ನೊಂದು ಬಾಟಲಿ. ಕುಂಗ್ ಇಟ್ಟಿರಬೇಕು, ಅವಳಿಗೂ ಮಾರಾಟ ಆಗಬೇಕಲ್ಲ ಎಂದುಕೊಂಡು ಸುಮ್ಮನಾದೆ.

ಮನೆ ನೋಡಲು ಮೊದಲು ಬಂದವರು ಅಕ್ಕಿ ಗಿರಣಿಯ ಕುಟುಂಬ. ಹನ್ನೆರಡು ವರ್ಷದ ಹಿಂದಿನ ನೆರೆನೀರು ಗೋಡೆಯ ಮೇಲೆ ಬಿಟ್ಟ ಗುರುತಿಗೆ ನಾನು ಎರಡು ಸಲ ಬಣ್ಣ ಬಳಿದಿದ್ದೆ, ಮತ್ತೆ ಎದ್ದು ಕಂಡಿತು. ಕುಂಗ್ ಅಲ್ಲಿಗೆ ಕಪಾಟು ತಳ್ಳಿಸಿದ್ದಳು. ಅವರು ಗೋಡೆ ನೋಡುತ್ತಿರುವಾಗ ನಾನೇ ಕಪಾಟು ಸರಿಸಿ ತೋರಿಸಿದೆ. ನೀರು ಇಲ್ಲಿಯವರೆಗೆ ಬಂದಿತ್ತು, ನಾವಿಬ್ಬರು ಹತ್ತೊಂಬತ್ತು ದಿನ ಮಹಡಿಯಲ್ಲೇ ಒಂದು ಒಲೆ ಇಟ್ಟುಕೊಂಡಿದ್ದೆವು, ನನ್ನವರು ಕಿಟಕಿಯಿಂದಲೇ ಮೀನು ಹಿಡಿಯುತ್ತಿದ್ದರು ಎಂದೆಲ್ಲ ಹೇಳಿದೆ. ಕುಂಗ್ ನನ್ನ ತೋಳು ಚಿವುಟಿದಳು. ಅವರು ಹೋದ ಮೇಲೆ 'ಅಕ್ಕಾ, ನೀವು ಮನೆ ಮಾರ್ತಿದ್ದೀರಾ, ಕಥೆ ಹೇಳ್ತಿದ್ದೀರಾ?' ಎಂದು ಗದರಿದಳು. ಯಾಕೆ ಹೇಳಿದೆನೋ ನನಗೇ ತಿಳಿಯದು. ಮೊಟ್ಟೆಯ ಹರಕೆ ಹೊತ್ತವಳೂ ನಾನೇ.

ಶನಿವಾರ ತಾಕ್ ಕಡೆಯ ಮೇಷ್ಟರು, ಅವರ ಹೆಂಡತಿ, ಮೇಷ್ಟರ ತಾಯಿ ಬಂದರು. ಗಂಡಹೆಂಡತಿ ಕೋಣೆ, ಬಾವಿ ಎಲ್ಲ ನೋಡಿ ಒಪ್ಪಿದರು. ನೆರೆಯ ಗುರುತಿಗೂ ಹೆದರಲಿಲ್ಲ. ಮುದುಕಿ ಮಾತ್ರ ಮನೆಯೊಳಗೆ ಕಾಲಿಡದೆ ನೇರ ಗುಡಿಯ ಹತ್ತಿರ ಹೋಗಿ, ಊದುಕಡ್ಡಿಯ ಬೂದಿಯಲ್ಲಿ ಲಾಟರಿ ನಂಬರ್ ಏನಾದರೂ ಮೂಡಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ನೈವೇದ್ಯದ ತಟ್ಟೆ ಎತ್ತಿದಾಗ ಅಡಿಯಲ್ಲಿ ಮಡಿಸಿದ ಚೀಟಿ ಸಿಕ್ಕಿತು. ಕನ್ನಡಕ ಏರಿಸಿ ಎಲ್ಲರೆದುರು ಗಟ್ಟಿಯಾಗಿ ಓದಿದಳು. ನಿಮ್ಮ ಪೂರ್ತಿ ಹೆಸರು, ಗುರುತಿನ ಚೀಟಿಯ ಹದಿಮೂರು ಅಂಕಿ, ರೈಲ್ವೆ ಹುದ್ದೆ, ಮನೆ ನಂಬರ್. ಆಮೇಲೆ: 'ಈ ಮನೆ ಈ ತಿಂಗಳು ಮಾರಾಟವಾಗದಂತೆ ನೋಡಿಕೊಂಡರೆ, ತಲೆ ಬೋಳಿಸಿ ಒಂಬತ್ತು ದಿನ ಭಿಕ್ಷುವಾಗಿರುತ್ತೇನೆ.'

ನನ್ನ ಮೊಟ್ಟೆಯ ಸಂಗತಿ ಗೊತ್ತಿದ್ದ ಕುಂಗ್ ತಡೆಯಲಾರದೆ ಅದನ್ನೂ ಹೇಳಿಬಿಟ್ಟಳು. ಮುದುಕಿ ಗುಡಿಗೆ ಕೈಮುಗಿದು, 'ಅಯ್ಯೋ ಅಜ್ಜಾ! ಹೆಂಡ್ತಿ ಮಾರ್ಸು ಅಂತಾಳೆ, ಗಂಡ ಬೇಡ ಅಂತಾನೆ. ನೀನಾದ್ರೂ ಯಾರ ಮಾತು ಕೇಳ್ತೀಯಪ್ಪ!' ಎಂದಳು. ಆಮೇಲೆ ನನ್ನ ಕಡೆ ತಿರುಗಿ, 'ಎರಡು ಹರಕೆ ಹೊತ್ತ ಜಾಗಕ್ಕೆ ನನ್ನ ಮೊಮ್ಮಕ್ಕಳನ್ನ ಕರ್‍ಕೊಂಡ್ ಬರಲ್ಲ ತಾಯಿ. ಇಬ್ರೂ ಒಟ್ಟಿಗೆ ನಿಂತು ಅಜ್ಜನ ಹತ್ರ ಒಂದು ಮಾತು ಹೇಳಿ, ಮಾರೋದೋ ಇರೋದೋ. ಆಮೇಲೆ ನಾವು ಬರ್ತೀವಿ' ಎಂದಳು. ಕುಂಗ್ ಹೋಗುವಾಗ, 'ಈ ಮನೆಗೆ ಮಾಲೀಕರು ಇಬ್ರಲ್ಲ ಅಕ್ಕಾ, ಮೂರು ಜನ. ಮೂರೂ ಜನ ಕೂತು ತೀರ್ಮಾನ ಮಾಡಿ ಫೋನ್ ಮಾಡಿ' ಎಂದಳು. ಮೇಷ್ಟರು ಮೂವತ್ತರವರೆಗೆ ಕಾಯುತ್ತಾರಂತೆ.

ಭಾನುವಾರಗಳ ಸೋಡಾ ಯಾರದೆಂದು ಆಗ ಹೊಳೆಯಿತು. ಅಂದು ರಾತ್ರಿ ಗೇಟಿಗೆ ಬೀಗ ಹಾಕಲಿಲ್ಲ. ಭಾನುವಾರ ಐದೂವರೆಗೆ ಅಡುಗೆಮನೆಯ ಕಿಟಕಿಯಲ್ಲಿ ಕೂತಿದ್ದೆ. ಮೊದಲ ರೈಲಿಗೆ ಬಂದು ನೀವು ಚಪ್ಪಲಿ ಕೈಯಲ್ಲಿ ಹಿಡಿದು ನಿಮ್ಮದೇ ಅಂಗಳಕ್ಕೆ ಕಳ್ಳನಂತೆ ಕಾಲಿಟ್ಟಿರಿ. ಸೋಡಾ ಇಟ್ಟು, ತಟ್ಟೆ ಎತ್ತಿ, ಚೀಟಿ ಕಾಣದೆ, ಗುಡಿಯ ಮುಂದೆ ಸಾಲಾಗಿಟ್ಟ ಮಣ್ಣಿನ ಆನೆಗಳನ್ನು ಒಂದೊಂದಾಗಿ ಎತ್ತಿ ಅಡಿ ನೋಡಿದಿರಿ. ಕರೆಯಬೇಕು ಎನಿಸಿತು. ಏನೆಂದು ಕರೆಯಲಿ? ಚೀಟಿ ಇಲ್ಲಿದೆ ಬನ್ನಿ ಎಂದೇ? ಕಾಫಿ ಆಗಿದೆ ಎಂದೇ? ಯೋಚಿಸುವಷ್ಟರಲ್ಲಿ ನೀವು ಗೇಟು ದಾಟಿದ್ದಿರಿ. ಬಡಕಲಾಗಿದ್ದೀರಿ.

ಇದುವರೆಗೆ ನಡೆದದ್ದು ಇಷ್ಟು. ಇದರಿಂದ ಏನು ತಿಳಿಯಬೇಕು ಎಂಬುದು ನನಗೆ ಹೊಳೆಯುತ್ತಿಲ್ಲ. ಮಾರುವ ಕಾಗದಕ್ಕೆ ಸಹಿ ಹಾಕಿದವರು ಮಾರದಿರಲಿ ಎಂದು ಬೇಡುವುದೇಕೆ? ಮಾರಾಟವಾಗಲಿ ಎಂದು ಮೊಟ್ಟೆಯ ಹರಕೆ ಹೊತ್ತವಳು ಕಪಾಟು ಸರಿಸುವುದೇಕೆ? ಮಾರಾಟ ನನಗೆ ಬೇಕೆಂದು ನೀವು, ನಿಮಗೆ ಬೇಕೆಂದು ನಾನು ಅಂದುಕೊಂಡು ಇದಕ್ಕೆ ಕೈ ಹಾಕಿದೆವೇ? ಹಾಗಿದ್ದರೆ ಇದು ಬೇಕಾಗಿದ್ದವರು ಯಾರು? ಒಂದೊಂದು ಸಲ ಮೇಷ್ಟರಿಗೆ ಕೊಟ್ಟು ಮುಗಿಸಿಬಿಡೋಣ ಎನಿಸುತ್ತದೆ. ಇನ್ನೊಂದು ಸಲ ಆ ಕೆನೆಬಣ್ಣ ಕಂಡರೆ ಆಗುವುದಿಲ್ಲ, ನೀಲಿಯನ್ನೇ ಬಳಿಯಬೇಕು ಎನಿಸುತ್ತದೆ.

ಈ ಭಾನುವಾರವೂ ಬನ್ನಿ. ಆದರೆ ಬಿಸಿಲು ಬಂದ ಮೇಲೆ ಬನ್ನಿ, ಚಪ್ಪಲಿ ಹಾಕಿಕೊಂಡೇ ಬನ್ನಿ. ಜಾಗದಜ್ಜನ ಮುಂದೆ ನಿಂತು ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಮೊದಲು ನನಗೆ ಹೇಳಿ, ಆಮೇಲೆ ಅಜ್ಜನಿಗೆ.

ಇಂತಿ,
ಪ್ರಪೈ

ಮರೆತ ಮಾತು: ಮದುವೆಯಾದ ಗಂಡಸು ಒಂಬತ್ತು ದಿನಕ್ಕೇ ಆದರೂ ಭಿಕ್ಷುವಾಗಬೇಕಾದರೆ ಹೆಂಡತಿಯ ಒಪ್ಪಿಗೆ ಬೇಕಂತೆ. ನಿನ್ನೆ ವಿಹಾರಕ್ಕೆ ಹೋಗಿ ಕೇಳಿಕೊಂಡು ಬಂದೆ. ಹುಬ್ಬನ್ನೂ ಬೋಳಿಸುತ್ತಾರೆ, ನಿಮಗೆ ನೆನಪಿತ್ತೋ ಇಲ್ಲವೋ. ಗುರುಗಳು ಕೊಟ್ಟ ಅರ್ಜಿ ಇದರೊಂದಿಗಿದೆ. 'ಹೆಂಡತಿ' ಎಂದಿರುವ ಕಡೆ ಸಹಿ ಹಾಕಿದ್ದೇನೆ. ತಾರೀಕು ಡಿಸೆಂಬರ್ ಒಂದು ಎಂದು ಬರೆದಿದ್ದೇನೆ.