ಉಡುದಾರದ ಇನ್ನೊಂದು ತುದಿ

ಶಿವನಸಮುದ್ರ
೩೦–೮–೧೯೭೬

ಪ್ರೀತಿಯ ಆಂಡಾಳ್,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮಂಡ್ಯದಲ್ಲಿ ಕೂತು ಎಷ್ಟು ಬೈದೆಯೋ, ಬಂದಾಗ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ನಮ್ಮ ಅತ್ತೆ ಪಟ್ಟಲಮ್ಮನವರು ಹೋಗಿಬಿಟ್ಟರು ಕಣೆ. ಹನ್ನೊಂದರ ಕಾರ್ಯವೂ ಆಯಿತು, ನನಗಿನ್ನೂ ನಂಬಿಕೆ ಬಂದಿಲ್ಲ. ಸಾಲು ಸೊಟ್ಟಗಾಗಿದೆ. ಟೀಚರಮ್ಮನ ಅಕ್ಷರ ನೋಡು ಎಂದು ನಗಬೇಡ.

ಮಗು ಚೆನ್ನಾಗಿದ್ದಾನೆ. ಅದನ್ನೇ ಮೊದಲು ಬರೆಯಬೇಕಿತ್ತು. ನಮ್ಮ ಮೊದಲನೆಯವನು ತೊಟ್ಟಿಲಲ್ಲಿ ಮಲಗಿದ್ದವನು ಮಲಗಿದ ಹಾಗೇ ಹೋದದ್ದು ನಿನಗೆ ಗೊತ್ತಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. "ಕಾರಣ ನಮಗೂ ತಿಳಿಯದಮ್ಮ, ಇನ್ನೊಂದು ಹುಟ್ಟಿದರೆ ಉಸಿರಿನ ಮೇಲೆ ಕಣ್ಣಿಟ್ಟಿರಿ" ಎಂದಿದ್ದರು ಡಾಕ್ಟರು. ಅದಕ್ಕೇ ತಾನೆ ನೀನು ಆ ಪೇಪರಿನ ತುಂಡು ಕಳಿಸಿದ್ದು? ಹೊರದೇಶದಲ್ಲಿ ಇಂಥ ಕೂಸುಗಳ ಎದೆಗೆ ಮಿಷನ್ನು ಕಟ್ಟುತ್ತಾರಂತೆ, ಉಸಿರು ನಿಂತರೆ ಮನೆಯಲ್ಲೇ ಗಂಟೆ ಹೊಡೆಯುತ್ತದಂತೆ. ಅತ್ತೆಗೆ ಓದಿ ಹೇಳಿದೆ. ಪವರ್ ಹೌಸಿನ ಕ್ವಾರ್ಟರ್ಸಿನಲ್ಲೇ ಕರೆಂಟು ಹೋಗುವುದನ್ನು ಕಂಡವರು ಅವರು.

"ಕರೆಂಟು ಓದ್ರೆ ಆ ಮಿಸನ್ನು ಏನ್ ಮಾಡದು? ನನ್ ಬೆರಳ್ಗೆ ಕರೆಂಟು ಬ್ಯಾಡ, ಸುಮ್ಕಿರವ್ವ" ಎಂದರು.

ಮಗುವಿನ ಸೊಂಟದ ಉಡುದಾರಕ್ಕೆ ಒಂದು ನೂಲು ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ತೋರುಬೆರಳಿಗೆ ಸುತ್ತಿಕೊಂಡರು. ಉಸಿರಿಗೆ ಹೊಟ್ಟೆ ಉಬ್ಬಿದಾಗಲೆಲ್ಲ ನೂಲು ಒಂಚೂರು ಜಗ್ಗುತ್ತದೆ. ಮಗು ಮಲಗಿದರೆ ಸಾಕು, ಪಕ್ಕದಲ್ಲೇ ಚಾಪೆ ಹಾಕಿ ಗೋಡೆಗೆ ಒರಗುತ್ತಿದ್ದರು. ನೀವೂ ಸ್ವಲ್ಪ ಮಲಗಿ ಅತ್ತೆ ಎಂದರೆ, "ಜಗ್ತಾವ್ನೆ ಕಣವ್ವ ನಿನ್ ಮಗ. ಇಸ್ಕೂಲ್ಗೆ ಒತ್ತಾಯ್ತು, ಓಗು" ಎಂದು ಗದರುತ್ತಿದ್ದರು. ನೂಲು ನಿಂತಿತೆಂಬ ಅನುಮಾನ ಬಂದರೆ ಅಂಗಾಲು ಚಿವುಟುತ್ತಿದ್ದರು. ಮಗು ಕಿಟಾರನೆ ಕಿರುಚಿದರೆ ಅವರಿಗೆ ಎಲ್ಲಿಲ್ಲದ ಖುಷಿ.

ಶ್ರಾವಣ ಸೋಮವಾರ ಮಧ್ಯಾಹ್ನ ಊಟಕ್ಕೆಂದು ಶಾಲೆಯಿಂದ ಬಂದೆ. ಅತ್ತೆ ಎಂದಿನ ಹಾಗೇ ಒರಗಿದ್ದರು. ಕಣ್ಣು ತೆರೆದೇ ಇತ್ತು. ಕರೆದೆ, ಮಾತಿಲ್ಲ. ಭುಜ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಆದರೆ ಆಂಡಾಳ್, ಬೆರಳು ಅಲ್ಲಾಡುತ್ತಿತ್ತು! ಆಮೇಲೆ ಗೊತ್ತಾಯಿತು, ಅದು ಮಗುವಿನ ಉಸಿರು. ಅವನು ಹಾಯಾಗಿ ಮಲಗಿ ಅಜ್ಜಿಯ ಬೆರಳನ್ನು ಜಗ್ಗುತ್ತಿದ್ದ.

ನೂಲಿನ ಗಂಟು ಬಿಚ್ಚಲು ಬರಲಿಲ್ಲ, ಕತ್ತರಿಸಬೇಕಾಯಿತು. ಕಣ್ಣು ಮುಚ್ಚಿದರೆ ಆ ಬೆರಳೇ ಕಾಣುತ್ತದೆ, ಅನ್ನ ಸೇರುತ್ತಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ವರ್ಷ ಬಾಳಲಿ. ಒಂದು ಭಾನುವಾರ ಮಳವಳ್ಳಿ ಬಸ್ಸು ಹಿಡಿದು ಬಂದುಬಿಡೆ, ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ,
ಸೋಮಮ್ಮ

ಮ.ವಿ.: ಮೇಲೆ ಒಂದು ಮಾತು ಬರೆಯಲಿಲ್ಲ. ಜಗ್ಗುತ್ತಿರುವುದು ಮಗು ಎಂದು ತಿಳಿದ ಕೂಡಲೇ ನಾನು "ಅಬ್ಬ, ಸದ್ಯ!" ಎಂದುಬಿಟ್ಟೆ, ಜೋರಾಗಿಯೇ. ನನ್ನ ಕೈ ಇನ್ನೂ ಅತ್ತೆಯ ಭುಜದ ಮೇಲಿತ್ತು. ತಿರುಗಿದರೆ ನಮ್ಮವರು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಮಗು ಮಲಗಿದರೆ ನೂಲನ್ನು ತಮ್ಮ ಬೆರಳಿಗೇ ಸುತ್ತಿಕೊಂಡು ಕೂರುತ್ತಾರೆ. ಕೊಡಿ ಎಂದು ಕೈ ಚಾಚಿದರೆ ಕೊಡುವುದಿಲ್ಲ.